ಮೂರನೇ ಶೆಲ್ಫಿನ ಹಳದಿ ತಟ್ಟೆಗಳು

ಫೆಬ್ರವರಿ 4, ಸೋಮವಾರ. ಬೆಳಿಗ್ಗೆ 11.20

ನಮ್ಮ ಚಾಂದ್ರಮಾನ ವರ್ಷದ ಕೊನೆಯ ದಿನ. ಕಾವೋಸ್ಯುಂಗ್ ಊರೆಲ್ಲ ಅಡುಗೆಮನೆಯಲ್ಲಿದೆ, ನಾನೊಬ್ಬಳು ಲ್ಯಾಬಿನಲ್ಲಿ. ಇದು ಇಪ್ಪತ್ತೆರಡನೇ ವರ್ಷ. ಯಾರೂ ಬಾ ಎಂದಿಲ್ಲ. ಮನುಷ್ಯರು ಹಬ್ಬದೂಟ ಉಣ್ಣುವ ದಿನ ತಟ್ಟೆಯಲ್ಲಿರುವ ಜೀವಕೋಶಗಳೂ ಉಣ್ಣಬೇಕು. ಈ ಪದ್ಧತಿ ಶುರು ಮಾಡಿದವಳು ನಾನು. ನಿಲ್ಲಿಸುವವಳೂ ನಾನೇ ಆಗಬೇಕು. ನಿಲ್ಲಿಸುವುದಿಲ್ಲ.

ಇನ್‌ಕ್ಯುಬೇಟರಿನ ನೆತ್ತಿಯ ಮೇಲೆ ಹಸಿರು ಪೊಟ್ಟಣದ ಕುರುಕಲು ಹೊಸದು ಇಟ್ಟೆ. ಹಳೆಯದರ ತಾರೀಖು ಮುಗಿದಿತ್ತು. ಹಸಿರು ಪೊಟ್ಟಣ ಇದ್ದರೆ ಯಂತ್ರ ಹೇಳಿದ ಮಾತು ಕೇಳುತ್ತದೆ, ಇಲ್ಲಿ ಎಲ್ಲರ ನಂಬಿಕೆ ಅದು. ಡಾಕ್ಟರೇಟ್ ತೆಗೆದುಕೊಂಡವರೂ ಈ ವಿಷಯದಲ್ಲಿ ಎದುರಾಡುವುದಿಲ್ಲ.

ಸೂಟ್ ಹಾಕಿಕೊಂಡು ವೈರಸ್ ಕೋಣೆಯೊಳಗೆ ಹೋದೆ. ಗಾಜಿನಾಚೆ ಕಾವಲಿಗೆ ಪಕ್ಕದ ಲ್ಯಾಬಿನವಳು — ಕಣ್ಣು ನನ್ನ ಮೇಲಲ್ಲ, ಫೋನಿನ ಮೇಲೆ. ಎರಡನೇ ಶೆಲ್ಫ್ ಪೆಯ್-ಯುನ್‌ಳ ಪ್ರಯೋಗದ್ದು. ಹನ್ನೊಂದು ದಿನ ಯಾರೂ ಮುಟ್ಟುವಂತಿಲ್ಲ. ಅತ್ತ ತಲೆಯೂ ಹಾಕಲಿಲ್ಲ. ಮೂರನೆಯದು ನನ್ನದು, ಮೀಸಲು ತಟ್ಟೆಗಳ ಊಟದ ಶೆಲ್ಫ್. ಎಂಟು ತಟ್ಟೆ. ನಾಲ್ಕು ಹಳದಿಗೆ ತಿರುಗಿವೆ, ನಾಲ್ಕು ಇನ್ನೂ ಗುಲಾಬಿ. ಹಳದಿ ಎಂದರೆ ಉಂಡು ಮುಗಿಸಿವೆ, ಇನ್ನೂ ಬೇಕು ಎನ್ನುತ್ತಿವೆ ಅಂತ. ಆ ನಾಲ್ಕಕ್ಕೆ ಹಳೆಯ ಸಾರು ಅರ್ಧ ತೆಗೆದು ಹೊಸದು ಅರ್ಧ ಹಾಕಿದೆ. ಎಲ್ಲರೂ ಮೀಡಿಯಂ ಎನ್ನುತ್ತಾರೆ, ನನಗೆ ಸಾರು. ಗುಲಾಬಿಯವಕ್ಕೆ ಹಸಿವಿಲ್ಲ, ಬಿಟ್ಟೆ. ರಿಜಿಸ್ಟರಿನಲ್ಲಿ ಟಿಕ್ ಹಾಕಿ ಹೊರಬಂದೆ.

ಲ್ಯಾಬಿನ ಯಜಮಾನರು ವೆಂಗ್ ಮೇಷ್ಟ್ರು ಹತ್ತು ನಿಮಿಷದಲ್ಲಿ ಮೂರು ಸಲ ಫೋನ್ ಮಾಡಿದರು — ಎಲ್ಲ ಸರಿಯಿದೆಯಾ, ಕರೆಂಟ್ ಇದೆಯಾ, ಗ್ಯಾಸ್ ಇದೆಯಾ. ತಲೆಯ ಮೇಲೆ ಎಷ್ಟು ಕೂದಲಿದೆಯೋ ಅಷ್ಟೇ ತಾಳ್ಮೆ ಅವರಿಗೆ.

ಲ್ಯಾಬಿನ ಗುಂಪಿನಲ್ಲಿ ಬೆಳಗಿನಿಂದ ಎಪ್ಪತ್ತು ಶುಭಾಶಯದ ಚಿತ್ರ. ಕಮಲ, ಚಿನ್ನದ ಹಂದಿಮರಿ, ಮತ್ತೆ ಕಮಲ. ಬರುವುದು ಹಂದಿಯ ವರ್ಷ. ಹನ್ನೆರಡು ನನ್ನವೇ. ಮಿಕ್ಕಿದ್ದು ನೋಡುವಷ್ಟು ಹೊತ್ತಿಲ್ಲ. ಮೀನು ಬೇಯಿಸಬೇಕು.

ಅದೇ ದಿನ. ಸಂಜೆ 7.30

ಆ-ಜಿಯಾನ್ ಬಂದು ಉಂಡು ಹೋದ. ನಾವಿಬ್ಬರೇ. ಅಪ್ಪ ಅಮ್ಮ ಹೋದ ಮೇಲೆ ಅಕ್ಕ ತಮ್ಮ ಇಬ್ಬರೇ ಹಬ್ಬ ಮಾಡುವುದು.

ಬಾಗಿಲಲ್ಲೇ ಕೇಳಿದ: ‘ಅಕ್ಕ, ನಿನ್ನ ಮಕ್ಕಳಿಗೆ ಊಟ ಆಯ್ತಾ?’

‘ಆಯ್ತು. ನಿನಗಿಂತ ಮುಂಚೆ.’

‘ಅದೇ ಮತ್ತೆ. ನನ್ನ ಪಾಳಿ ಯಾವತ್ತೂ ಕೊನೆಗೇ.’

ಮೂಲಂಗಿ ಕಡುಬು ಚೆನ್ನಾಗಿದೆ ಅಂದ. ಆಮೇಲೆ ಹೂಮೀನು ಪೂರ್ತಿ ತಿಂದುಬಿಟ್ಟ. ತಲೆ, ಬಾಲ, ಎಲ್ಲ. ವರ್ಷದ ಕೊನೆಯ ದಿನ ಮೀನು ಅರ್ಧ ಉಳಿಸಬೇಕು, ನಾಳೆಗೂ ಇರಬೇಕು — ನಡೆಯಲು ಕಲಿತ ದಿನದಿಂದ ಅವನಿಗೆ ಗೊತ್ತಿರುವ ಸಂಗತಿ. ಚಿಕ್ಕಂದಿನಲ್ಲಿ ನಾನು ಚಾಪ್‌ಸ್ಟಿಕ್ ಚಾಚಿದರೆ ಕೈಗೆ ಹೊಡೆಯುತ್ತಿದ್ದವನೇ ಅವನು. ಬರೀ ಮುಳ್ಳು ನೋಡಿ ಅವನ ಮುಖ ಬಿಳಿಚಿಕೊಂಡಿತು.

‘ಹಸಿವಾಗಿತ್ತು ಕಣೇ,’ ಅಂದ.

ಹಸಿವಲ್ಲ. ನನಗೂ ಗೊತ್ತು, ಅವನಿಗೂ ಗೊತ್ತು.

ಫೆಬ್ರವರಿ 11, ಸೋಮವಾರ. ಮಧ್ಯಾಹ್ನ

ಎಂಬತ್ತಾರು.

ನೂರು ನರಕೋಶದಲ್ಲಿ ಎಂಬತ್ತಾರು ಬದುಕಿವೆ. ಪರೀಕ್ಷೆಯ ಔಷಧ, ಏಳನೇ ನಂಬರಿನ ಪುಡಿ ಹಾಕಿದ ತಟ್ಟೆಗಳಲ್ಲಿ. ಹಾಕದವುಗಳಲ್ಲಿ ಇಪ್ಪತ್ತು.

ರಜೆ ಮುಗಿಸಿ ಬಂದ ಪೆಯ್-ಯುನ್ ಎಣಿಸಿದಳು. ನಮ್ಮ ಪಿಎಚ್‌ಡಿ ಹುಡುಗಿ, ಆರನೇ ವರ್ಷ, ಇಷ್ಟು ದಿನ ಒಂದೂ ಒಳ್ಳೆಯ ಫಲಿತಾಂಶ ಕಾಣದವಳು. ‘ಲುವಾನಕ್ಕ, ಸ್ವಲ್ಪ ಬನ್ನಿ ಇಲ್ಲಿ. ನನ್ನ ಕಣ್ಣು ಸರಿಯಿದೆಯಾ ನೋಡಿ.’ ನೋಡಿದೆ. ನರಕೋಶದ ಎಳೆಗಳು ಉದ್ದಕ್ಕೆ, ನೆಟ್ಟಗೆ. ಅವಳು ಕುರ್ಚಿಯಲ್ಲಿ ಕೂತು ಅತ್ತಳು. ಬಯ್ಯಬೇಕು ಅನಿಸಿತು, ಬಯ್ಯಲಿಲ್ಲ.

ಮೇಷ್ಟ್ರು ಮೂರು ಸಲ ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ‘ಸು-ಲುವಾನ್, ಕೋಶ ಬೆಳೆಸಿದ್ದು ನೀವೇ ತಾನೇ? ನಿಮ್ಮ ಕೈಯಿಂದಲೇ ಇದೆಲ್ಲ ಆಗಿದ್ದು.’ ಮಾರ್ಚ್ 29ಕ್ಕೆ ತೈಪೆಯ ಸಮ್ಮೇಳನದಲ್ಲಿ ಹೇಳುತ್ತಾರಂತೆ.

ನನ್ನ ಕೈ. ಹೌದು, ನನ್ನ ಕೈಯೇ. ಡಾಕ್ಟರೇಟ್ ಇಲ್ಲದ ಕೈ.

ಒಂದೇ ಬೇಜಾರು — ನನ್ನ ಮೀಸಲು ತಟ್ಟೆಗಳು ಸೊರಗಿವೆ. ಹಬ್ಬದ ಊಟ ಉಂಡೂ ಸೊರಗಿದವು. ಏನು ಧಿಮಾಕೋ.

ಫೆಬ್ರವರಿ 13

ಯಾರಿಗೂ ಬಿಡಿಸಿ ಹೇಳಿದವಳಲ್ಲ. ಇವತ್ತು ಖುಷಿಯಲ್ಲಿದ್ದೇನೆ, ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಮಿದುಳಿನಲ್ಲಿ ಮಾತಾಡುವವು ನರಕೋಶಗಳು. ಹೆಸರೆಲ್ಲ ಅವಕ್ಕೇ. ಅವಕ್ಕೆ ಊಟ ಹಾಕುವವು, ಎಂಜಲು ಎತ್ತುವವು, ಚೆಲ್ಲಿದ್ದನ್ನು ಒರೆಸುವವು ಬೇರೆ — ನಕ್ಷತ್ರದ ಆಕಾರದವು, ಆಸ್ಟ್ರೋಸೈಟು. ಪುಸ್ತಕದಲ್ಲಿ ಪೋಷಕ ಕೋಶ ಎಂದು ಬರೆದು ಒಂದು ಪುಟದಲ್ಲಿ ಮುಗಿಸುತ್ತಾರೆ. ಎಚ್‌ಐವಿ ನರಕೋಶದೊಳಗೆ ಹೋಗುವುದಿಲ್ಲ. ಆದರೂ ನರಕೋಶ ಸಾಯುತ್ತದೆ. ಯಾಕೆ ಎಂದು ವರ್ಷಗಟ್ಟಲೆ ತಲೆ ಕೆರೆದುಕೊಂಡರು. ಈ ನಕ್ಷತ್ರಗಳಲ್ಲಿ ನೂರಕ್ಕೆ ಐದಕ್ಕೆ ಸೋಂಕು ತಗುಲಿದರೆ ಸಾಕು. ಆ ಐದು ಸಾಯುವುದಿಲ್ಲ. ಅಕ್ಕಪಕ್ಕದವುಗಳಿಗೆ ಗೋಡೆಯ ಕಿಂಡಿಯಲ್ಲಿ ಕೆಟ್ಟದ್ದನ್ನು ದಾಟಿಸುತ್ತವೆ. ಆಮೇಲೆ ಇಡೀ ಕೇರಿ ಕೆಲಸ ಬಿಡುತ್ತದೆ. ಒರೆಸುವವರಿಲ್ಲ, ಎತ್ತುವವರಿಲ್ಲ. ಸಾರಿಗೆ ವಿಷ ಬೀಳುತ್ತದೆ. ಏಳನೇ ನಂಬರಿನ ಪುಡಿ ಆ ಕಿಂಡಿ ಮುಚ್ಚುತ್ತದೆ. ಅಷ್ಟೇ.

ಮಾತ್ರೆ ನುಂಗಿದರೆ ರಕ್ತದಲ್ಲಿ ವೈರಸ್ ಸಿಗುವುದಿಲ್ಲ ಎಂದು ರಿಪೋರ್ಟ್ ಬರುತ್ತದೆ. ಆ-ಜಿಯಾನ್‌ಗೆ ಹದಿನೆಂಟು ವರ್ಷದಿಂದ ಅದೇ ರಿಪೋರ್ಟ್. ಆದರೂ ಮಾತು ಜಾರುತ್ತದೆ, ಮೀನು ಪೂರ್ತಿ ತಿನ್ನುತ್ತಾನೆ.

ಅವನಿಗೆ ಕಾಯಿಲೆ ಗೊತ್ತಾದ ಮರುವರ್ಷ ಈ ಕೆಲಸಕ್ಕೆ ಸೇರಿದೆ. ಲ್ಯಾಬಿನಲ್ಲಿ ಯಾರಿಗೂ ಹೇಳಿಲ್ಲ. ಆಗ ಹೇಳಿದ್ದರೆ ನನ್ನ ಲೋಟವನ್ನೂ ಯಾರೂ ಮುಟ್ಟುತ್ತಿರಲಿಲ್ಲ. ಆಮೇಲೆ ಹೇಳುವ ಅಭ್ಯಾಸವೇ ತಪ್ಪಿತು.

ಫೆಬ್ರವರಿ 19. ಹೊಸ ವರ್ಷದ ಹದಿನೈದನೇ ದಿನ, ದೀಪದ ಹಬ್ಬ

ಅಕ್ಕಿಹಿಟ್ಟಿನ ಉಂಡೆಯ ಪಾಯಸ ಡಬ್ಬಿಗೆ ಹಾಕಿಕೊಂಡು ಆ-ಜಿಯಾನ್‌ನ ಗ್ಯಾರೇಜಿಗೆ ಹೋದೆ. ಸ್ಕೂಟರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಪಕ್ಕದಲ್ಲಿ ಮೊಟ್ಟೆ ಟ್ರೇ. ಬಿಚ್ಚಿದ ಬೋಲ್ಟುಗಳನ್ನು ಒಂದೊಂದು ಗುಂಡಿಗೆ ಒಂದರಂತೆ, ಬಿಚ್ಚಿದ ಕ್ರಮದಲ್ಲಿ ಇಡುತ್ತಾನೆ. ಹಾಕುವಾಗ ಹಿಂದಿನಿಂದ ಶುರು. ಎರಡು ವರ್ಷದಿಂದ ಹೀಗೆ. ಮೊದಲು ಕಣ್ಣುಮುಚ್ಚಿ ಇಂಜಿನ್ ಕಟ್ಟುತ್ತಿದ್ದವನು. ಗಿರಾಕಿಗಳಿಗೆ ‘ಜಪಾನಿನ ಪದ್ಧತಿ’ ಎಂದು ಬೊಗಳೆ ಬಿಟ್ಟಿದ್ದಾನೆ.

ಎಂಬತ್ತಾರರ ವಿಷಯ ಹೇಳಿದೆ. ಸ್ಪ್ಯಾನರ್ ಕೆಳಗಿಟ್ಟ.

‘ನೂರಕ್ಕಾ?’

‘ನೂರಕ್ಕೆ.’

‘ನಿನ್ನ ಮಕ್ಕಳಾ?’

‘ನನ್ನವೇ. ಆದ್ರೆ ಕೇಳು, ಇದು ತಟ್ಟೆಯಲ್ಲಿ ಅಷ್ಟೇ. ಮನುಷ್ಯರಿಗೆ ಬರೋದಕ್ಕೆ ಎಷ್ಟು ವರ್ಷ ಬೇಕೋ. ಬರದೇನೂ ಇರಬಹುದು.’

‘ಗೊತ್ತು ಕಣೇ. ನಾನೇನು ಇವತ್ತೇ ಕೊಡು ಅಂದ್ನಾ?’

ಎದ್ದು ಹೋಗಿ ಗೋಡೆಯ ಮೇಲೆ, ಗಿರಾಕಿಗಳ ಫೋನ್ ನಂಬರಿನ ನಡುವೆ, ಸೀಮೆಸುಣ್ಣದಲ್ಲಿ 86 ಎಂದು ಬರೆದ. ದೊಡ್ಡದಾಗಿ. ಪಾಯಸ ತಿನ್ನುತ್ತ ನಾಲ್ಕು ಸಲ ಅದರ ಕಡೆ ನೋಡಿದ. ನಮ್ಮಕ್ಕ ಅಂದರೆ ಏನಂದುಕೊಂಡಿದ್ದೀರಿ ಎನ್ನುವ ಮುಖ. ನನಗೂ ಎದೆ ಉಬ್ಬಿತು, ಯಾಕೆ ಸುಳ್ಳು ಹೇಳಲಿ.

ಮಾರ್ಚ್ 6, ಬುಧವಾರ. ಸಂಜೆ 6.00

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತಿದ್ದೆವು. ಪೆಯ್-ಯುನ್ ಸಮ್ಮೇಳನದ ಸ್ಲೈಡ್ ಮಾಡುತ್ತಿದ್ದಳು. ಬಾಯಲ್ಲಿ ಅನ್ನ ಇಟ್ಟುಕೊಂಡೇ ಹೇಳಿದಳು: ‘ರಜೆಗೆ ಮುಂಚೆ ತಟ್ಟೆಗಳನ್ನ ಮೂರನೇ ಶೆಲ್ಫಿಗೆ ಬದಲಾಯಿಸಿದ್ದು ಒಳ್ಳೇದಾಯ್ತು ಲುವಾನಕ್ಕ. ಎರಡನೇದು ಫ್ಯಾನಿನ ಹತ್ತಿರ ಅದುರ್ತಿತ್ತು. ನಿಮ್ಮವನ್ನ ಎರಡಕ್ಕೆ ಇಟ್ಟಿದ್ದೆ. ಬಂದ ದಿನ ವಾಪಸ್ ಇಟ್ಟೆ.’

‘ಯಾವಾಗ ಹೇಳಿದೆ ನನಗೆ?’

‘ಗುಂಪಿಗೆ ಹಾಕಿದ್ನಲ್ಲ. ಹಬ್ಬದ ದಿನ ಬೆಳಿಗ್ಗೆ.’

ಫೋನ್ ತೆಗೆದು ಮೇಲಕ್ಕೆ ಜರುಗಿಸುತ್ತ ಹೋದೆ. ಕಮಲ. ಹಂದಿಮರಿ. ಕಮಲ. ನಾನೇ ಕಳಿಸಿದ ಎರಡು ಹಂದಿಮರಿಗಳ ನಡುವೆ ಒಂದು ಸಾಲು: ಪ್ರಯೋಗದ ತಟ್ಟೆ ಮೂರನೇ ಶೆಲ್ಫಿನಲ್ಲಿವೆ, ದಯವಿಟ್ಟು ಮುಟ್ಟಬೇಡಿ.

ಮನೆಗೆ ಬಂದು ಈ ಪುಸ್ತಕ ತೆಗೆದೆ. ಫೆಬ್ರವರಿ 4. ನನ್ನದೇ ಅಕ್ಷರ. ಎಂಟು ತಟ್ಟೆ. ನಾಲ್ಕು ಹಳದಿ. ಅರ್ಧ ತೆಗೆದು ಅರ್ಧ ಹಾಕಿದೆ.

ಹನ್ನೊಂದು ದಿನ ಒಂದೇ ಸಾರಿನಲ್ಲಿ ಇರಬೇಕಿದ್ದವು. ಅರ್ಧ ವಿಷ ನಾನೇ ಬಸಿದು ಚೆಲ್ಲಿದ್ದೇನೆ. ಅದೂ ಪುಡಿ ಹಾಕಿದ ನಾಲ್ಕರಿಂದ ಮಾತ್ರ. ಮುಚ್ಚಳದ ಮೇಲಿನ ಅಕ್ಷರ ಓದಲಿಲ್ಲ. ಯಾಕೆ ಓದಬೇಕು, ಇಪ್ಪತ್ತೆರಡು ವರ್ಷ ಮೂರನೇ ಶೆಲ್ಫ್ ನನ್ನದು.

ಎಂಬತ್ತಾರು ಏಳನೇ ನಂಬರಿನದಲ್ಲ. ಹಬ್ಬದ ಊಟದ್ದು.

ಮಾರ್ಚ್ 7

ಏನೂ ಬರೆಯುವುದಿಲ್ಲ.

ಮಾರ್ಚ್ 12, ಮಂಗಳವಾರ

ನಾಲ್ಕು ದಿನ ಪುಸ್ತಕ ಮುಟ್ಟಲಿಲ್ಲ. ಇವತ್ತು ಮೇಷ್ಟ್ರು ಸ್ಲೈಡ್ ತೋರಿಸಿದರು. 86 — ಕೆಂಪು ಬಣ್ಣದಲ್ಲಿ, ನನ್ನ ಹೆಬ್ಬೆರಳಿನಷ್ಟು ದಪ್ಪ. ಕೊನೆಯ ಸ್ಲೈಡಿನಲ್ಲಿ ನನ್ನ ಹೆಸರು. ತು ಸು-ಲುವಾನ್. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ಯಾರಿಗೂ ಗೊತ್ತಿಲ್ಲ. ರಿಜಿಸ್ಟರಿನಲ್ಲಿ ಬರೀ ಟಿಕ್. ಮೀಸಲು ತಟ್ಟೆಯ ಊಟ ಬರೆಯುವ ರೂಢಿಯೇ ಇಲ್ಲ. ಕಾವಲಿಗಿದ್ದವಳು ಫೋನ್ ನೋಡುತ್ತಿದ್ದಳು. ಈ ಪುಸ್ತಕ ಒಂದೇ ಸಾಕ್ಷಿ. ಒಲೆಗೆ ಹಾಕಿದರೆ ಅದೂ ಇಲ್ಲ.

ಆ ಹುಡುಗಿ ಆರು ವರ್ಷ ಕಾದಿದ್ದಾಳೆ. ನನ್ನ ಬಾಯಿಂದ ಅವಳ ಬದುಕು ಇನ್ನೊಂದು ವರ್ಷ ಹಿಂದಕ್ಕೆ ಹೋಗಬೇಕಾ? ಮುಂದೆ ಇನ್ಯಾರೋ ಮಾಡಿ ನೋಡುತ್ತಾರೆ, ತಪ್ಪಿದ್ದರೆ ಅವರೇ ಹೇಳುತ್ತಾರೆ...

ಹೀಗೆಲ್ಲ ಯೋಚಿಸಿದೆ. ಬರೆದಿಡುತ್ತಿದ್ದೇನೆ, ನಾಳೆ ಓದಿ ನಾಚಿಕೆಯಾಗಲಿ.

ನಿಜ ಹೇಳಬೇಕೆಂದರೆ ಹುಡುಗಿಯ ನೆಪ. ನನ್ನ ಕೈಯ ಹೆಸರು ಹೋಗುತ್ತದಲ್ಲ, ಅದಕ್ಕೇ ಬಾಯಿ ಬಿಡುತ್ತಿಲ್ಲ.

ಮಾರ್ಚ್ 13, ಬುಧವಾರ. ಸಂಜೆ

ಗ್ಯಾರೇಜಿಗೆ ಹೋದೆ. ಗೋಡೆಯ ಮೇಲೆ 86 ಹಾಗೇ ಇತ್ತು. ಮಾಸಿದ್ದನ್ನು ಮತ್ತೆ ತಿದ್ದಿ ಬರೆದಿದ್ದಾನೆ.

ಹೇಳಿಬಿಟ್ಟೆ. ಹಳದಿ, ಗುಲಾಬಿ, ಹಂದಿಮರಿ, ಎಲ್ಲ. ಅವನು ಟ್ರೇಯ ಬೋಲ್ಟುಗಳನ್ನು ನೋಡುತ್ತಲೇ ಕೇಳಿದ. ಅವನಿಗೆ ಬೇಜಾರಾಗಲಿಲ್ಲ ಎಂದು ಹೇಳಲಾರೆ. ಭುಜ ಇಳಿಯಿತು. ಅದನ್ನು ನೋಡಬೇಕಾಯಿತು.

‘ಹಾಗಾದ್ರೆ ಆ ಪುಡಿ ದಂಡವಾ?’

‘ಗೊತ್ತಿಲ್ಲ. ಅದೇ ಕಷ್ಟ. ಈಗ ಏನೂ ಗೊತ್ತಿಲ್ಲ.’

‘ನಿಮ್ಮ ಮೇಷ್ಟ್ರಿಗೆ ಹೇಳಿದ್ಯಾ?’

ಇಲ್ಲ ಎಂದು ತಲೆಯಾಡಿಸಿದೆ.

‘ಹೋದ ವರ್ಷ ಒಂದು ಬೋಲ್ಟ್ ಬಿಟ್ಟು ಗಾಡಿ ಕೊಟ್ಟುಬಿಟ್ಟೆ, ನೆನಪಿದ್ಯಾ? ಬ್ರೇಕಿಂದು. ಟ್ರೇ ನೋಡ್ದೆ, ಒಂದು ಮಿಕ್ಕಿತ್ತು. ಆ ಹೆಂಗಸು ಸಿಗ್ನಲ್ ದಾಟಿ ಹೋಗಿದ್ಲು. ಚಪ್ಪಲೀನೂ ಹಾಕದೆ ಓಡ್ದೆ. ಎರಡು ಸಿಗ್ನಲ್.’

‘ನೆನಪಿದೆ. ಕಾಲು ಸುಟ್ಟುಕೊಂಡು ಬಂದಿದ್ದೆ.’

‘ಹಿಡಿದು ನಿಲ್ಲಿಸಿ ಬೋಲ್ಟ್ ತೋರಿಸಿದ್ರೆ ರಸ್ತೇಲೇ ಬೈದ್ಲು. ಬೈಸ್ಕೊಂಡೆ. ಅವಳು ಈಗಲೂ ನನ್ನ ಹತ್ರಾನೇ ಬರ್ತಾಳೆ ಗೊತ್ತಾ? ಬೇರೆ ಎಲ್ಲೂ ಹೋಗಲ್ಲ.’ ಬೋಲ್ಟೊಂದನ್ನು ಟ್ರೇಯ ಗುಂಡಿಗೆ ಇಟ್ಟು ಅಂದ: ‘ನಿನ್ನ ಗಾಡಿ ಇನ್ನೂ ಸಿಗ್ನಲ್ ದಾಟಿಲ್ಲ ಅಕ್ಕ. ಓಡು.’

ಒದ್ದೆ ಬಟ್ಟೆ ತಂದು 86 ಒರೆಸಿದ. ಗೋಡೆಯಲ್ಲಿ ಆ ಜಾಗ ಹಸಿಯಾಗಿ ಕಪ್ಪಗೆ ಕಂಡಿತು.

ಪದ ಮರೆಯುತ್ತಾನೆ, ಮೀನು ಮರೆಯುತ್ತಾನೆ. ಮುಖ್ಯವಾದದ್ದು ಮರೆತಿಲ್ಲ ನನ್ನ ತಮ್ಮ.

ಮಾರ್ಚ್ 14, ಗುರುವಾರ. ರಾತ್ರಿ 8.00

ಆಯಿತು.

ಬೆಳಿಗ್ಗೆ ಒಂಬತ್ತಕ್ಕೆ ಮೇಷ್ಟ್ರ ಕೋಣೆ. ಪೆಯ್-ಯುನ್‌ಳನ್ನೂ ಕರೆದೆ. ನಿಂತೇ ಹೇಳಿದೆ, ಕೂತರೆ ಅಳುತ್ತೇನೆ ಅನಿಸಿತು.

ಪೆಯ್-ಯುನ್ ಮುಖ ನೋಡಲಾಗಲಿಲ್ಲ. ‘ನೀವಾ ಲುವಾನಕ್ಕ? ಬೇರೆ ಯಾರಾದ್ರೂ ಆಗಿದ್ರೆ ನಂಬ್ತಿದ್ದೆ.’ ಅದಕ್ಕಿಂತ ಬೈದಿದ್ದರೆ ವಾಸಿ.

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ‘ರಿಜಿಸ್ಟರಿನಲ್ಲಿ ಏನೂ ಇಲ್ಲ. ನೀವೇ ಹೇಳದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ.’

‘ಹೌದು ಮೇಷ್ಟ್ರೇ.’

‘ಮತ್ತೆ ಇಷ್ಟು ಖಚಿತವಾಗಿ ಹೇಗೆ ಹೇಳ್ತೀರಿ, ನಾಲ್ಕು ತಟ್ಟೆ, ಅರ್ಧ ಸಾರು ಅಂತ? ಒಂದು ತಿಂಗಳ ಮೇಲಾಯ್ತು.’

‘ದಿನಚರಿ ಬರೀತೀನಿ.’

‘ತೋರಿಸಿ.’

ಚೀಲದಲ್ಲೇ ಇತ್ತು. ಕೊಡುವಾಗ ನೆನಪಾಯಿತು ಆ ಪುಟದಲ್ಲಿ ಇನ್ನೇನಿದೆ ಅಂತ. ಕೈ ಹಿಂದಕ್ಕೆ ಎಳೆದೆ. ಅವರು ಆಗಲೇ ಹಿಡಿದಿದ್ದರು.

ಓದಿದರು. ಒಂದು ಕಡೆ ನಿಂತರು. ಎಡಗೈ ತಾನಾಗಿ ನೆತ್ತಿಯ ಮೇಲೆ ಹೋಯಿತು. ಪೆಯ್-ಯುನ್ ಬಗ್ಗಿ ಓದಿ, ಕೆಮ್ಮು ಬಂದವಳ ಹಾಗೆ ಮುಖ ತಿರುಗಿಸಿದಳು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

‘ಕೂದಲಿನ ವಿಷಯ ಆಮೇಲೆ ಮಾತಾಡೋಣ,’ ಅಂದರು. ಬೆರಳು ಬೇರೊಂದು ಸಾಲಿನ ಮೇಲಿತ್ತು. ‘ಹಳದಿಗೆ ತಿರುಗಿವೆ ಅಂತ ಬರೆದಿದ್ದೀರಿ. ನೀವು ಊಟ ಹಾಕೋದಕ್ಕೆ ಮುಂಚೆಯೇ ಹಳದಿ?’

‘ಹೌದು. ಹಳದಿ ಇದ್ದಿದ್ದಕ್ಕೇ ಹಾಕಿದ್ದು.’

‘ಪುಡಿ ಇಲ್ಲದ ನಾಲ್ಕು ಗುಲಾಬಿ?’

‘ಗುಲಾಬಿ.’

‘ಅದೇ ದಿನ, ಅದೇ ಹೊತ್ತು ಬರೆದದ್ದು?’

‘ಹನ್ನೊಂದು ಇಪ್ಪತ್ತು.’

ಮೇಷ್ಟ್ರು ಕೂತರು. ಬದುಕಿರುವ ಕೋಶವೇ ಸಾರನ್ನು ಹುಳಿ ಮಾಡುವುದು, ಹುಳಿಯಾದರೆ ಹಳದಿ. ಸಾಯುತ್ತಿರುವವು ಉಣ್ಣುವುದಿಲ್ಲ, ಗುಲಾಬಿಯಾಗಿಯೇ ಉಳಿಯುತ್ತವೆ. ನಾನು ಮುಟ್ಟುವ ಮೊದಲೇ, ನಾಲ್ಕನೇ ದಿನಕ್ಕೇ, ಪುಡಿ ಹಾಕಿದ ತಟ್ಟೆಗಳು ಚುರುಕಾಗಿದ್ದವು. ಎಂಬತ್ತಾರು ಸುಳ್ಳು. ಆದರೆ ಪೂರ್ತಿ ಸುಳ್ಳಲ್ಲದೆಯೂ ಇರಬಹುದು.

‘ಮತ್ತೆ ಮಾಡ್ಬೇಕು,’ ಅಂದರು. ತೈಪೆಗೆ ಫೋನ್ ಮಾಡಿ ಭಾಷಣ ವಾಪಸ್ ತೆಗೆದುಕೊಂಡರು, ನಮ್ಮೆದುರಿಗೇ. ಆಮೇಲೆ ಪುಟದ ನಕಲು ಬೇಕು ಅಂದರು, ಪ್ರಯೋಗದ ದಾಖಲೆಗೆ. ಕೂದಲಿನ ಸಾಲು ಮುಚ್ಚಲೇ ಎಂದು ಕೇಳಿದೆ.

‘ದಾಖಲೆ ತಿದ್ದಬಾರದು ಸು-ಲುವಾನ್.’

ಲ್ಯಾಬ್ ಇರುವವರೆಗೂ ಅದು ಅಲ್ಲಿರುತ್ತದೆ.

ಸಂಜೆ ಹೋಗುವಾಗ ಪೆಯ್-ಯುನ್ ನನ್ನ ಮೇಜಿನ ಮೇಲೆ ಹಸಿರು ಪೊಟ್ಟಣ ಒಂದು ಇಟ್ಟು ಹೋಗಿದ್ದಳು. ಯಂತ್ರಕ್ಕಲ್ಲ, ನನಗಂತೆ. ಹೇಳಿದ ಮಾತು ಕೇಳಲಿ ಅಂತ.

ಮಾರ್ಚ್ 28

ಶುರು. ಈ ಸಲ ನಾಲ್ಕು ಬಗೆ. ಪುಡಿ ಇದ್ದು ಊಟ ಇಲ್ಲ. ಪುಡಿ ಇಲ್ಲ, ಊಟವೂ ಇಲ್ಲ. ಪುಡಿ ಇದ್ದು ಅರ್ಧ ಊಟ. ಪುಡಿ ಇಲ್ಲದೆ ಅರ್ಧ ಊಟ. ಊಟ ಹಾಕುವವಳು ಪೆಯ್-ಯುನ್, ಮಿಕ್ಕ ದಿನ ಕಣ್ಣಿಡುವವಳು ನಾನು. ಎಣಿಸುವುದು ಪಕ್ಕದ ಲ್ಯಾಬಿನವರು, ಯಾವುದು ಯಾವುದೆಂದು ಗೊತ್ತಿಲ್ಲದೆ. ಮುಚ್ಚಳ ತುಂಬ ಕೆಂಪು ಟೇಪು. ಕುರುಡರೂ ಓದಬಹುದು.

ಕೋಶ ಬೆಳೆಸಿದ್ದು ನಾನೇ. ‘ಬೇರೆಯವರು ಬೆಳೆಸಲಿ’ ಎಂದು ಹೇಳಿದ್ದೆ. ಪೆಯ್-ಯುನ್ ನನ್ನ ಕಡೆ ನೋಡದೆ ಅಂದಳು: ‘ಬೇರೆಯವರ ಕೋಶ ನನಗೆ ಬೇಡ.’

ಏಪ್ರಿಲ್ 4, ಗುರುವಾರ. ಬೆಳಿಗ್ಗೆ 10.00

ಸಮಾಧಿ ಗುಡಿಸುವ ಹಬ್ಬದ ರಜೆ. ಮತ್ತೆ ಊರೆಲ್ಲ ಖಾಲಿ, ನಾನು ಲ್ಯಾಬಿನಲ್ಲಿ.

ಇನ್‌ಕ್ಯುಬೇಟರ್ ಬಾಗಿಲು ತೆಗೆದೆ. ಪುಡಿ ಇದ್ದು ಊಟವಿಲ್ಲದ ತಟ್ಟೆಗಳು ಹಳದಿ. ಚೆನ್ನಾಗಿ ಹಳದಿ. ಹಸಿದಿವೆ.

ಕೈ ಹಿಂದೆ ಕಟ್ಟಿಕೊಂಡು ನಿಂತೆ. ಪಿಪೆಟ್ ಒಂದು ಮೊಳ ದೂರದಲ್ಲಿದೆ. ಬಾಟಲಿಯಲ್ಲಿ ಹೊಸ ಸಾರು ಬೆಚ್ಚಗಿದೆ. ಇಪ್ಪತ್ತೆರಡು ವರ್ಷದಲ್ಲಿ ಹಸಿದ ತಟ್ಟೆಯ ಬಾಗಿಲು ಮುಚ್ಚಿ ಹೋದವಳಲ್ಲ ನಾನು. ‘ತಡ್ಕೊಳ್ರೋ,’ ಎಂದೆ. ಜೋರಾಗಿಯೇ. ಗಾಜಿನಾಚೆ ಕಾವಲಿಗಿದ್ದವಳು ಈ ಸಲ ಫೋನ್ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಬಾಗಿಲು ಮುಚ್ಚಿದೆ. ಹಳದಿ ಎಂದು ರಿಜಿಸ್ಟರಿನಲ್ಲಿ ಬರೆದೆ. ಬರೀ ಟಿಕ್ ಅಲ್ಲ, ಪೂರ್ತಿ ವಾಕ್ಯ.

ನಾಳೆ ಅಪ್ಪ ಅಮ್ಮನ ಸಮಾಧಿಗೆ. ಆ-ಜಿಯಾನ್ ಕತ್ತಿ ಮಸೆದು ಇಟ್ಟಿದ್ದಾನಂತೆ, ಹುಲ್ಲು ಕತ್ತರಿಸಲು. ನೆನಪಿದ್ದರೆ ತರುತ್ತಾನೆ.

ಏಪ್ರಿಲ್ 5

ತಂದಿದ್ದ.

ಏಪ್ರಿಲ್ 8, ಸೋಮವಾರ. ರಾತ್ರಿ 8.40

ಪುಡಿ ಇಲ್ಲ, ಊಟ ಇಲ್ಲ: 21.
ಬರೀ ಊಟ: 38.
ಬರೀ ಪುಡಿ: 61.
ಪುಡಿ, ಊಟ ಎರಡೂ: 84.

ಅರವತ್ತೊಂದು. ಯಾರ ಊಟವೂ ಇಲ್ಲದೆ, ಹಸಿದುಕೊಂಡು, ಅರವತ್ತೊಂದು.

ಎಂಬತ್ತಾರು ಬಂದ ದಿನ ಕೈ ಹೆಮ್ಮೆ ಪಟ್ಟಿತ್ತು. ಇವತ್ತು ನಾನೇ ಪಡುತ್ತಿದ್ದೇನೆ, ತಲೆಯಿಂದ ಕಾಲಿನವರೆಗೆ. ಅತ್ತೆ. ಪೆಯ್-ಯುನ್ ನನ್ನ ಕುರ್ಚಿ ಎಳೆದುಕೊಟ್ಟಳು. ಬಯ್ಯಲಿಲ್ಲ.

ಮೇಷ್ಟ್ರು ಮೂರನೇ ಸಾಲಿಗಿಂತ ಎರಡನೆಯದನ್ನು ಹೆಚ್ಚು ಹೊತ್ತು ನೋಡಿದರು. ‘ಬರೀ ಸಾರು ಬದಲಿಸಿದ್ರೇ ಹದಿನೇಳು ಹೆಚ್ಚು ಬದುಕಿವೆ ಅಂದ್ರೆ, ಕೊಲ್ಲೋದು ಸಾರಿನಲ್ಲೇ ಇದೆ. ಆ ನಕ್ಷತ್ರಗಳು ಏನು ಉಗುಳ್ತಿವೆ ಅಂತ ಈಗ ಹುಡುಕಬಹುದು.’ ಆ ಸಾಲಿಗೆ ಒಂದು ಹೆಸರು ಬೇಕು ಅಂದರು. ಪೆಯ್-ಯುನ್ ಆಗಲೇ ಬೋರ್ಡಿನ ಮೇಲೆ ಬರೆಯುತ್ತಿದ್ದಳು — ಲುವಾನಕ್ಕನ ಊಟ.

‘ಇನ್ನೆರಡು ಸಲ ಮಾಡಿ ನೋಡಿದ ಮೇಲೇ ಹೊರಗೆ ಹೇಳೋದು,’ ಅಂದರು ಮೇಷ್ಟ್ರು. ಮಾಡೋಣ. ಇನ್ನಿಪ್ಪತ್ತು ಸಲ ಮಾಡೋಣ.

ಹೋಗುವಾಗ ಕೇಳಿದರು: ‘ಅವತ್ತು ಹೇಳೋದಕ್ಕೆ ಧೈರ್ಯ ಎಲ್ಲಿಂದ ಬಂತು ನಿಮಗೆ?’

‘ಒಬ್ಬರು ಓಡು ಅಂದ್ರು ಮೇಷ್ಟ್ರೇ.’

‘ಯಾರು?’

ಹೇಳಲಿಲ್ಲ. ಮನೆಗೆ ಬಂದು ಯೋಚಿಸಿದೆ. ಯಾಕೆ ಹೇಳಲಿಲ್ಲ?

ಏಪ್ರಿಲ್ 19, ಶುಕ್ರವಾರ

ಆ-ಜಿಯಾನ್‌ನನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಶರ್ಟು. ಉಗುರಿನ ಗ್ರೀಸ್ ಮಾತ್ರ ಹೋಗಿರಲಿಲ್ಲ.

ಮೇಷ್ಟ್ರು, ಪೆಯ್-ಯುನ್ ಇಬ್ಬರೂ ಇದ್ದರು. ಹೇಳಿದೆ: ‘ಇವನು ನನ್ನ ತಮ್ಮ, ತು ಝಿ-ಜಿಯಾನ್. ಇಪ್ಪತ್ತಮೂರು ವರ್ಷದಿಂದ ಇವನಿಗೆ ಎಚ್‌ಐವಿ ಇದೆ. ಓಡು ಅಂದಿದ್ದು ಇವನೇ.’

ಮೇಷ್ಟ್ರು ಎದ್ದು ಬಂದು ಎರಡೂ ಕೈಯಲ್ಲಿ ಅವನ ಕೈ ಹಿಡಿದರು. ಗ್ರೀಸಿನ ಕೈ. ಪೆಯ್-ಯುನ್ ಚಹಾ ತಂದಳು — ನನ್ನದೇ ಲೋಟದಲ್ಲಿ. ಅದನ್ನು ನೋಡಿ ನಾನು ಕಿಟಕಿಯ ಕಡೆ ತಿರುಗಬೇಕಾಯಿತು.

ವೈರಸ್ ಇಲ್ಲದ ತಟ್ಟೆಯೊಂದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಬಗ್ಗಿ ತುಂಬ ಹೊತ್ತು ನೋಡಿದ.

‘ಇವಾ ನಿನ್ನ ಮಕ್ಕಳು?’

‘ಇವೇ.’

‘ಒಬ್ಬರ ಕೈ ಒಬ್ಬರು ಹಿಡ್ಕೊಂಡಿದ್ದಾರಲ್ಲೇ.’

‘ಅದೇ ಕಿಂಡಿ. ಒಳ್ಳೇದೂ ಅಲ್ಲೇ ಹೋಗೋದು, ಕೆಟ್ಟದ್ದೂ ಅಲ್ಲೇ.’

‘ಅಷ್ಟೂ ಮುಚ್ಚಿಬಿಡಬೇಡ ಮತ್ತೆ,’ ಅಂದ. ಮೇಷ್ಟ್ರು ತಟ್ಟನೆ ಅವನ ಕಡೆ ತಿರುಗಿದರು. ಪುಡಿಯ ಪ್ರಮಾಣ ಎಷ್ಟಿರಬೇಕು ಎಂದು ಅವರು ಎರಡು ವಾರದಿಂದ ತಲೆ ಕೆಡಿಸಿಕೊಂಡಿರುವುದು ಇದೇ ಮಾತಿಗೆ.

ಹೊರಡುವಾಗ ಮೇಷ್ಟ್ರಿಗೆ ಹೇಳಿದ: ‘ಸಾರ್, ಅಕ್ಕ ಕೂದಲಿನ ಬಗ್ಗೆ ಬರೆದಿದ್ದಕ್ಕೆ ಕ್ಷಮಿಸಿಬಿಡಿ. ಅವಳು ನನ್ನ ಹೊಟ್ಟೆ ಬಗ್ಗೆ ಇನ್ನೂ ಕೆಟ್ಟದಾಗಿ ಬರೆದಿರ್ತಾಳೆ.’

ಬರೆದಿದ್ದೇನೆ. ಹೋದ ವರ್ಷದ ಪುಸ್ತಕದಲ್ಲಿದೆ.

ಏಪ್ರಿಲ್ 28, ಭಾನುವಾರ. ಸಂಜೆ 4.10. ಗ್ಯಾರೇಜು

ಇಲ್ಲೇ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಎರಡನೇ ಸಲದ ಎಣಿಕೆ ಶುಕ್ರವಾರ ಬಂತು: ಬರೀ ಪುಡಿ, 59. ನಿಂತಿದೆ. ಬೀಳಲಿಲ್ಲ.

ಬಂದ ತಕ್ಷಣ ಸೀಮೆಸುಣ್ಣ ಕೈಗೆ ಕೊಟ್ಟ. ‘ಈ ಸಲ ನೀನೇ ಬರಿ. ಆ ಜಾಗದಲ್ಲಿ ಯಾವ ಗಿರಾಕಿ ನಂಬರೂ ಬರೆದಿಲ್ಲ ನಾನು.’ 61 ಎಂದು ಬರೆದು ಕೆಳಗೆ 59 ಬರೆದೆ.

‘ಕಡಿಮೆ ಆಯ್ತಲ್ಲ?’

‘ಕಡಿಮೆ. ಆದ್ರೆ ಗಟ್ಟಿ.’

ತಲೆಯಾಡಿಸಿ ಕೆಲಸಕ್ಕೆ ಕೂತ. ಎರಡು ಸಿಗ್ನಲ್ ಓಡಿಸಿದ ಅದೇ ಹೆಂಗಸಿನ ಸ್ಕೂಟರು. ಮೊಟ್ಟೆ ಟ್ರೇ ಖಾಲಿಯಾಗುತ್ತ ಬಂತು. ಕವರ್ ಮುಚ್ಚಿದ, ಸ್ಪ್ಯಾನರ್ ಕೆಳಗಿಟ್ಟ.

ಒಂದು ಬೋಲ್ಟ್ ಉಳಿದಿದೆ. ಕೊನೆಯ ಸಾಲು, ಮೂರನೇ ಗುಂಡಿ. ನನಗೆ ಕಾಣಿಸುತ್ತಿದೆ. ಆಕೆ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಾಳೆ. ಮಾತು ನಾಲಿಗೆ ತುದಿಗೆ ಬಂದಿದೆ. ಕೈ ಹಿಂದೆ ಕಟ್ಟೋಣವೆಂದರೆ ಪೆನ್ನು ಹಿಡಿದಿದ್ದೇನೆ, ಅದಕ್ಕೇ ಬರೆಯುತ್ತಲೇ ಇದ್ದೇನೆ. ಅವಳು ಕೀ ತಿರುಗಿಸಿದರೆ ಹೇಳುತ್ತೇನೆ. ಅಲ್ಲಿಯವರೆಗೆ ಇಲ್ಲ.

ಕೀ ಕೊಡಲು ಹೋದ. ನಿಂತ. ಟ್ರೇ ಕಡೆ ತಿರುಗಿದ.

‘ತಡೀರಿ ಮೇಡಂ,’ ಅಂದ. ‘ಒಂದು...’

ಪದ ಸಿಗುತ್ತಿಲ್ಲ ಅವನಿಗೆ. ಕೈ ಮಾತ್ರ ನೇರ ಮೂರನೇ ಗುಂಡಿಗೆ ಹೋಯಿತು. ಎತ್ತಿಕೊಂಡ. ಬೆಳಕಿಗೆ ಹಿಡಿದ. ತುಟಿ ಆಡಿಸುತ್ತಿದ್ದಾನೆ. ಆಕೆ ಕಾಯುತ್ತಿದ್ದಾಳೆ, ನಾನೂ — ಹೇಳಿಕೊಡುವುದಿಲ್ಲ — ಬರುತ್ತದೆ, ಬರುತ್ತಿದೆ, ನನ್ನ ತಮ್ಮ, ಹೇಳು